ಉರುಳಪ್ಪನ ಒಲ್ಲದ ಪೂಜಾರಿ

ಯಾಕೋಬಪ್ಪ ಹೆದರದೇ ಇದ್ದ ವಸ್ತು ಈ ಪ್ರಪಂಚದಲ್ಲಿ ಒಂದೇ ಒಂದು, ಅದು ರೋಡ್ ರೋಲರ್. ಉಳಿದಂತೆ ಅವನು ನಾಯಿಗೆ ಹೆದರುತ್ತಿದ್ದ, ಹಲ್ಲಿಗೆ ಹೆದರುತ್ತಿದ್ದ, ಗುಡುಗಿಗೆ, ಬಾವಿಗೆ, ಅಂಚೆಯಲ್ಲಿ ಬರುವ ಉದ್ದನೆಯ ಲಕೋಟೆಗೆ, ಎಲ್ಲಕ್ಕಿಂತ ಹೆಚ್ಚಾಗಿ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿದ ಯಾವನೇ ಮನುಷ್ಯನಿಗೆ ಹೆದರುತ್ತಿದ್ದ. ಅವನ ಅಪ್ಪ ಹೊನ್ನಾಳಿಯಲ್ಲಿ ತುಂಗಭದ್ರೆಯ ಮೇಲೆ ಹರಿಗೋಲು ನಡೆಸಿದವನು. ಅಂಥವನ ಮಗನಿಗೆ ನೀರೆಂದರೆ ಕೈಕಾಲು ನಡುಕ. ದೀಕ್ಷಾಸ್ನಾನದ ದಿನ ಪಾದ್ರಿಗಳು ನೆತ್ತಿಗೆ ಮೂರು ಹನಿ ನೀರು ಮುಟ್ಟಿಸಿದ್ದಕ್ಕೆ ಕೂಸು ಮೂರು ದಿನ ಅತ್ತಿತ್ತಂತೆ. ಆಗಲೇ ಅವನ ಅಪ್ಪ ಹರಿಗೋಲಿಗೆ ಬೇರೆ ವಾರಸುದಾರನನ್ನು ನೋಡಿಕೊಂಡ.

ರೋಲರ್ ಕೆಲಸ ಸಿಕ್ಕಿದ್ದು ದೇವರ ದಯೆ ಎಂದು ಯಾಕೋಬಪ್ಪ ಮನಸಾರೆ ನಂಬಿದ್ದ. ಗಂಟೆಗೆ ಮೂರು ಮೈಲಿ ಹೋಗುವ ಗಾಡಿ. ಏನೇ ಆಪತ್ತು ಎದುರಾಗಲಿ, ಅರ್ಧ ಗಂಟೆ ಮೊದಲೇ ಕಾಣಿಸುತ್ತದೆ, ಒಂದು ಪ್ರಾರ್ಥನೆ ಪೂರ್ತಿ ಮುಗಿಸುವಷ್ಟು ಪುರಸೊತ್ತು ಇರುತ್ತದೆ. ಹತ್ತು ಟನ್ ಕಬ್ಬಿಣದ ಮೇಲೆ ಕೂತವನ ಮೇಲೆ ಯಾವ ನಾಯಿಯೂ ಎಗರುವುದಿಲ್ಲ. ನ್ಯಾಮತಿಯ ರಸ್ತೆಗೆ ಜಲ್ಲಿ ಹಾಕುವಾಗ ಅಲ್ಲಿಯ ಎಸ್ತೇರಮ್ಮನನ್ನು ಮದುವೆಯಾದ. ಅವಳು ಯಾವುದಕ್ಕೂ ಹೆದರುವವಳಲ್ಲ. ಚನ್ನಗಿರಿಯ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಮನೆ, ಹೊಲಿಗೆ ಮಷೀನು, ಇಬ್ಬರು ಹೆಣ್ಣುಮಕ್ಕಳು. ಊರಲ್ಲಿದ್ದ ಕ್ರೈಸ್ತರ ಮನೆ ನಾಲ್ಕೇ ನಾಲ್ಕು. ಭಾನುವಾರ ಯಾರದಾದರೂ ಪಡಸಾಲೆಯಲ್ಲಿ ಚಾಪೆ ಹಾಸಿ ಪ್ರಾರ್ಥನೆಗೆ ಕೂಡುತ್ತಿದ್ದರು. ಅಲ್ಲೂ ಯಾಕೋಬಪ್ಪ ಗೋಡೆಗೆ ಒತ್ತಿಕೊಂಡು ಕೂತು, ಬೇರೆಯವರು ಶುರು ಮಾಡಿದ ಮೇಲೆಯೇ ಬಾಯಿ ತೆರೆಯುತ್ತಿದ್ದ.

ಎಪ್ಪತ್ತೈದನೆಯ ಇಸವಿ ಜೂನ್ ಕೊನೆಯಲ್ಲಿ ರೇಡಿಯೋದಲ್ಲಿ ತುರ್ತು ಪರಿಸ್ಥಿತಿ ಎಂದರು. ಅದೇನೆಂದು ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ. ಆದರೆ ಸಂತೆಯಲ್ಲಿ ಈರುಳ್ಳಿ ಬೆಲೆ ಕೇಳುವವರು ಕೂಡ ದನಿ ತಗ್ಗಿಸಿದರು. ಹತ್ತು ನಿಮಿಷ ತಡವಾಗಿ ಬಂದ ಗುಮಾಸ್ತನ ಕೆಲಸ ಹೋಯಿತಂತೆ ಎಂಬ ಸುದ್ದಿ ಹಬ್ಬಿ, ಕಚೇರಿಗಳಲ್ಲಿ ಜನ ಸೂರ್ಯ ಹುಟ್ಟುವ ಮೊದಲೇ ಬಂದು ಬೀಗದ ಮುಂದೆ ಕೂರುತ್ತಿದ್ದರು. ಈ ಗಡಿಬಿಡಿಯ ನಡುವೆ ಯಾಕೋಬಪ್ಪನಿಗೆ ರೋಲರನ್ನು ಜಗಳೂರಿಗೆ ಮುಟ್ಟಿಸುವಂತೆ ಹುಕುಂ ಬಂತು. ನಾಲ್ಕು ದಿನದ ದಾರಿ. ನಾಲ್ಕನೆಯ ದಿನ ಮಧ್ಯಾಹ್ನ, ಜಗಳೂರು ಇನ್ನು ಐದಾರು ಮೈಲಿ ಇದೆ ಎನ್ನುವಾಗ, ಗುಡ್ಡದಹಟ್ಟಿ ಎಂಬ ಊರ ಬಾಗಿಲಲ್ಲಿ ಗೇರಿನ ಹಲ್ಲು ಮುರಿದು ಗಾಡಿ ನಿಂತಿತು. ಅದು ನಿಂತ ಗಳಿಗೆಗೆ ಸರಿಯಾಗಿ, ಎರಡು ವರ್ಷದಿಂದ ಮುಖ ತೋರಿಸದಿದ್ದ ಮಳೆ ಧೋ ಎಂದು ಸುರಿಯಿತು. ಯಾಕೋಬಪ್ಪ ಗುಡುಗಿಗೆ ಹೆದರಿ ರೋಲರಿನ ಕೆಳಗೆ ನುಸುಳಿದ.

ಮುಂದಿನದೆಲ್ಲ ಆ ಮಳೆಯ ತಪ್ಪು. ಇಲಾಖೆಯ ತಪ್ಪೂ ಸ್ವಲ್ಪ ಇದೆ.

ಗಾಡಿ ಕೆಟ್ಟಿದೆ ಎಂದು ಯಾಕೋಬಪ್ಪ ಬರೆದ ಕಾಗದಕ್ಕೆ, ಲಿಖಿತ ಆದೇಶ ಬರುವವರೆಗೆ ವಾಹನವನ್ನು ಬಿಟ್ಟು ಕದಲತಕ್ಕದ್ದಲ್ಲ ಎಂಬ ಉತ್ತರ ಬಂತು. ಆರು ವಾರದ ನಂತರ ಇನ್ನೊಂದು ಉದ್ದನೆಯ ಲಕೋಟೆ: ರೋಲರ್ ಚಾಲನೆಯಲ್ಲಿ ಇದೆಯೋ ಇಲ್ಲವೋ, ಇಲ್ಲದಿದ್ದ ಪಕ್ಷದಲ್ಲಿ ಇನ್ನೂ ಏಕೆ ಜಗಳೂರು ತಲುಪಿಲ್ಲ, ಸಮಜಾಯಿಷಿ ನೀಡುವುದು. ಇಲ್ಲ, ಇಲ್ಲದಿರುವುದರಿಂದ ತಲುಪಿಲ್ಲ ಎಂದು ಯಾಕೋಬಪ್ಪ ವಿನಯದಿಂದ ಬರೆದ. ಸಂಬಳವನ್ನು ಚನ್ನಗಿರಿಗೆ ಖುದ್ದು ಬಂದು ರುಜು ಹಾಕಿ ಪಡೆಯಬೇಕಿತ್ತು. ಹೋಗೋಣವೆಂದರೆ ಕದಲುವಂತಿಲ್ಲ. ಬೇರೆ ಯಾರಾದರೂ ಆಗಿದ್ದರೆ ಒಂದು ದಿನ ಬಸ್ಸು ಹತ್ತಿ ಹೋಗಿ ಬರುತ್ತಿದ್ದರು, ರೋಲರನ್ನು ಯಾರೂ ಜೇಬಿಗೆ ಹಾಕಿಕೊಂಡು ಹೋಗುತ್ತಿರಲಿಲ್ಲ. ಆದರೆ ಇವನು ಯಾಕೋಬಪ್ಪ. ಗಾಡಿ ನಿಂತ ಮೊದಲ ವಾರದಲ್ಲೇ ತಂದ ಬುತ್ತಿ ಮುಗಿದು, ಎರಡು ದಿನ ಬರೀ ನೀರು ಕುಡಿದು ಕೂತ. ಊರವರು ಊಟಕ್ಕೆ ಕರೆದರೆ, ಹೊಟ್ಟೆ ತುಂಬಿದೆ ಎಂದು ಕೈ ಮುಗಿದ. ಕೇಳಿ ಉಣ್ಣುವುದಕ್ಕೂ ಅವನಿಗೆ ಹೆದರಿಕೆಯೇ.

ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡುತ್ತಾನೆ, ರೋಲರಿನ ಮುಂದಿನ ದೊಡ್ಡ ಗಾಲಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೆ ಕಣಗಿಲೆ ಹೂವು, ಎದುರಿಗೆ ಮುತ್ತುಗದ ಎಲೆಯ ಮೇಲೆ ಎರಡು ಜೋಳದ ರೊಟ್ಟಿ ಮತ್ತು ಹುರುಳಿಕಾಳಿನ ಪಲ್ಯ. ಎದುರು ಸಾಲಿನ ಮೊದಲನೆಯ ಗುಡಿಸಲಿನ ದುರುಗಕ್ಕ ಕೈಮುಗಿದು ನಿಂತಿದ್ದಳು. ಗಂಡ ಸತ್ತು, ನಾಲ್ಕು ಆಡು ಕಟ್ಟಿಕೊಂಡು ಬದುಕಿದ್ದ ಮುದುಕಿ. ಮಳೆ ತಂದವನು ಉರುಳಪ್ಪ, ಊರ ಬಾಗಿಲಲ್ಲಿ ತಾನಾಗಿ ಬಂದು ನೆಲೆ ನಿಂತಿದ್ದಾನೆ, ಎಡೆ ಇಟ್ಟಿದ್ದೇವೆ, ಪೂಜಾರಿ ಉಂಡರೆ ಅವನು ಉಂಡ ಹಾಗೆ ಎಂದು ಹೇಳಿ ಹೊರಟುಹೋದಳು.

ಯಾಕೋಬಪ್ಪ ಎಲೆಯಿಂದ ಎರಡು ಹೆಜ್ಜೆ ಹಿಂದೆ ಸರಿದ. ದೇವರ ಹತ್ತು ಆಜ್ಞೆಗಳನ್ನು ಏಳನೆಯ ವಯಸ್ಸಿಗೇ ಬಾಯಿಪಾಠ ಮಾಡಿದವನು. ನನ್ನನ್ನು ಬಿಟ್ಟು ನಿನಗೆ ಬೇರೆ ದೇವರಿರಬಾರದು ಎಂಬ ಮೊದಲನೆಯದಕ್ಕೇ ನೇರವಾಗಿ ಸಂಚಕಾರ. ಓಡಿಹೋಗಿ ಅವಳನ್ನು ತಡೆದು, ಅಕ್ಕಾ, ಇದು ಮಿಷನ್ನು, ನಾನು ಕ್ರೈಸ್ತ ಎಂದು ಹೇಳಬೇಕೆಂದುಕೊಂಡ. ಕಾಲು ಏಳಲಿಲ್ಲ. ದೇವರನ್ನು ಅಲ್ಲಗಳೆದವನೆಂದು ಊರು ಸಿಟ್ಟಿಗೆದ್ದರೆ? ಗಾಡಿಗೆ ಏನಾದರೂ ಮಾಡಿದರೆ ಇಲಾಖೆ ಬಿಟ್ಟೀತೇ? ರೊಟ್ಟಿ ಬೇರೆ ಬಿಸಿಯಾಗಿತ್ತು. ಎಲೆಯನ್ನು ಗಾಲಿಯಿಂದ ಹತ್ತು ಹೆಜ್ಜೆ ದೂರ ಒಯ್ದು, ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ತನ್ನ ದೇವರಿಗೆ ಸ್ತೋತ್ರ ಹೇಳಿ ಉಂಡ. ಅಷ್ಟು ದೂರ ಬಂದರೆ ಅದು ಎಡೆಯಲ್ಲ, ಬರೀ ರೊಟ್ಟಿ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ. ನೋಡಿದವರು ಮಾತ್ರ, ಎಂಥ ಮಡಿ ಪೂಜಾರಿ, ಉರುಳಪ್ಪನ ಎದುರು ಎಂಜಲು ಮಾಡುವುದಿಲ್ಲ ಎಂದುಕೊಂಡರು.

ಉರುಳಪ್ಪನ ಕೀರ್ತಿ ದಿನೇ ದಿನೇ ಬೆಳೆಯಿತು. ಅವನ ನೆರಳಲ್ಲಿ ಕ್ಷೌರ ನಡೆಯುತ್ತಿತ್ತು, ತಗಡಿನ ಚಾವಣಿಯ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು, ಸ್ಟೇರಿಂಗಿಗೆ ತೊಟ್ಟಿಲು ಬೇಡಿದವರ ಹಸಿರು ಬಳೆ ತೂಗುತ್ತಿದ್ದವು. ಹೊಸದಾಗಿ ಮದುವೆಯಾದವರು ಗಾಲಿಗೆ ಮೂರು ಸುತ್ತು ಬರುತ್ತಿದ್ದರು. ಸಂಜೆ ಯಾಕೋಬಪ್ಪ ಗಾಲಿಗೆ ಒರಗಿ ತನ್ನ ಕಪ್ಪು ರಟ್ಟಿನ ಪುಸ್ತಕ ತೆರೆದು ತುಟಿಯಲ್ಲೇ ಓದಿಕೊಂಡರೆ, ಪೂಜಾರಿ ಮಂತ್ರಕ್ಕೆ ಕೂತ ಎಂದು ನಾಲ್ಕು ಜನ ದೂರದಲ್ಲಿ ಕೂತು ತಲೆದೂಗುತ್ತಿದ್ದರು. ಅವನು ಒಂದು ಸುಳ್ಳನ್ನೂ ಆಡಲಿಲ್ಲ. ಸುಮ್ಮನಿದ್ದ, ಅಷ್ಟೆ. ಹೆದರುವವನಿಗೆ ಸುಮ್ಮನಿರುವುದಕ್ಕಿಂತ ಒಳ್ಳೆಯ ಕಂಬಳಿ ಇನ್ನೊಂದಿಲ್ಲ.

ಆ ಕಂಬಳಿಯನ್ನು ಎಳೆದುಹಾಕಿದ್ದು ಒಂದು ಹುಂಜ. ದುರುಗಕ್ಕನ ಆಡು ಕಳೆದು ನಾಲ್ಕು ದಿನಕ್ಕೆ ಸಿಕ್ಕಿತೆಂದು, ಅವಳು ಹರಕೆ ಹೊತ್ತಿದ್ದ ಕೆಂಪು ಹುಂಜವನ್ನು ತಂದು ರೋಲರಿನ ಹತ್ತಿರ ಬಿಟ್ಟಳು. ಉರುಳಪ್ಪನಿಗೆ ಬಿಟ್ಟ ಹುಂಜವನ್ನು ಯಾರೂ ಮುಟ್ಟುವಂತಿಲ್ಲ. ಅದು ಗಾಲಿಯ ಮೇಲೆ ಹತ್ತಿ ನಿಂತು ಹೊತ್ತಿಲ್ಲ ಗೊತ್ತಿಲ್ಲದೆ ಕೂಗತೊಡಗಿತು. ಯೇಸುಸ್ವಾಮಿಯನ್ನು ಹಿಡಿದುಕೊಂಡು ಹೋದ ದಿನ, ಶಿಷ್ಯ ಪೇತ್ರ ಜನಕ್ಕೆ ಹೆದರಿ, ಅವನು ಯಾರೋ ನಾನರಿಯೆ ಎಂದು ಮೂರು ಸಲ ಹೇಳಿದ್ದು, ಕೂಡಲೇ ಕೋಳಿ ಕೂಗಿದ್ದು ಯಾಕೋಬಪ್ಪನಿಗೆ ಚೆನ್ನಾಗಿ ಗೊತ್ತಿದ್ದ ಕಥೆ. ಪೇತ್ರನ ಕೋಳಿ ಒಂದು ಬೆಳಗಿನಲ್ಲಿ ಕೆಲಸ ಮುಗಿಸಿತ್ತು. ಇದು ಮಾತ್ರ, ಯಾರಾದರೂ ಬಂದು ಪೂಜಾರಪ್ಪಾ ಎಂದು ಕರೆದು ಇವನು ಹೂಂ ಎಂದ ಕೂಡಲೇ, ಮಧ್ಯಾಹ್ನ ಹನ್ನೆರಡಾಗಲಿ ಸಂಜೆ ನಾಲ್ಕಾಗಲಿ, ಕತ್ತು ನೀಳ ಮಾಡಿ ಕೂಗುತ್ತಿತ್ತು. ಯಾಕೋಬಪ್ಪ ನಾಯಿ, ಹಲ್ಲಿ, ಬಾವಿಗಳ ಪಟ್ಟಿಗೆ ಹುಂಜವನ್ನೂ ಸೇರಿಸಿಕೊಂಡ.

ಕ್ರಿಸ್ಮಸ್ಸಿಗೆ ಗಂಡ ಬರಲಿಲ್ಲವೆಂದು ಎಸ್ತೇರಮ್ಮನೇ ಕರ್ಜಿಕಾಯಿಯ ಡಬ್ಬಿ ಹಿಡಿದು, ಮೂರು ಬಸ್ಸು ಬದಲಾಯಿಸಿ ಬಂದಳು. ಇಳಿದು ನೋಡಿದರೆ ರೋಲರಿಗೆ ಹೂವಿನ ಹಾರ, ಗಂಡನ ಎದುರು ಬಾಳೆಹಣ್ಣಿನ ಚಿಪ್ಪು, ಪಕ್ಕದಲ್ಲಿ ಹುಂಜ. ಅವಳು ಬೈಯುತ್ತಾಳೆಂದು ಯಾಕೋಬಪ್ಪ ತಲೆ ತಗ್ಗಿಸಿದ. ಅವಳು ಡಬ್ಬಿಯನ್ನು ನೆಲಕ್ಕಿಟ್ಟು, ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅದು ಬೈಗುಳಕ್ಕಿಂತ ಕಷ್ಟವಾಯಿತು. ತಾನು ಯಾರಿಗೂ ಸುಳ್ಳು ಹೇಳಿಲ್ಲ ಎಂದು ಅವನು ಮೆಲ್ಲಗೆ ಸಮಜಾಯಿಷಿ ಕೊಟ್ಟ.

"ಸುಳ್ಳು ಹೇಳಿಲ್ಲ, ಒಪ್ಪಿದೆ," ಎಂದಳು ಎಸ್ತೇರಮ್ಮ. "ನಿಜ ಯಾವಾಗ ಹೇಳಾದು ರೀ?"

ಧೈರ್ಯ ಬಂದ ಮೇಲೆ ಹೇಳುತ್ತೇನೆ ಎಂದ ಯಾಕೋಬಪ್ಪ. ಧೈರ್ಯ ಮೊದಲು ಬರುವುದಿಲ್ಲ, ಬಾಯಿ ಬಿಟ್ಟ ಮೇಲೆ ಬರುತ್ತದೆ, ನೀರಿಗಿಳಿದ ಮೇಲೆ ತಾನೇ ನಿಮ್ಮಪ್ಪ ಹುಟ್ಟು ಹಾಕುತ್ತಿದ್ದುದು ಎಂದು ಹೇಳಿ ಅವಳು ಸಂಜೆಯ ಬಸ್ಸಿಗೆ ಹೋದಳು. ಹುಂಜ ಕೂಗಿತು.

ಹೀಗೆ ಹದಿನಾಲ್ಕು ತಿಂಗಳು. ಎಪ್ಪತ್ತಾರರ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಧೂಳೆಬ್ಬಿಸುತ್ತ ಜೀಪು ಬಂದು ರೋಲರಿನ ಹಿಂದೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತು. ಇಸ್ತ್ರಿ ಪ್ಯಾಂಟಿನ ಸಾಹೇಬರು ಇಳಿದರು, ಹಿಂದೆಯೇ ಹೊಸ ಗೇರಿನೊಂದಿಗೆ ಮೆಕ್ಯಾನಿಕ್. ಯಾರೋ ದೊಡ್ಡವರು ಆ ರಸ್ತೆಯಲ್ಲಿ ಹಾದುಹೋಗಲಿದ್ದರಂತೆ, ರಸ್ತೆ ಅಗಲವಾಗಬೇಕಂತೆ, ಎಡಗಡೆಯ ಏಳು ಗುಡಿಸಲು ಇವತ್ತೇ ಹೋಗಬೇಕಂತೆ. ಕೆಡವಲು ಆಳು ಬೇರೆ ಏತಕ್ಕೆ, ರೋಲರ್ ಇಲ್ಲೇ ಇದೆಯಲ್ಲ, ಒಂದು ಸಲ ಹೋಗಿ ಬಂದರೆ ಸಪಾಟು ಎಂದು ಸಾಹೇಬರು ಯಾಕೋಬಪ್ಪನಿಗೆ ವಿವರಿಸಿದರು. ಒಂದೂವರೆ ಗಂಟೆಯಲ್ಲಿ ಮೆಕ್ಯಾನಿಕ್ ಗೇರು ಕೂರಿಸಿ, ಎಂಜಿನ್ ಚಾಲೂ ಮಾಡಿ ನೋಡಿ, ಆರಿಸಿ, ಕೈ ಒರೆಸಿಕೊಂಡ.

ಊರವರು ಪಾತ್ರೆ ಪಗಡ ಹೊರಗೆ ತಂದು ಬೇವಿನ ಮರದಡಿ ಗುಂಪಾದರು. ಆ ಏಳರಲ್ಲಿ ಮೊದಲನೆಯದು ದುರುಗಕ್ಕನದು, ಅವಳು ಮಾತ್ರ ಹೊರಗೆ ಬರಲಿಲ್ಲ. ಗುಡಿಸಲಿನ ಬಾಗಿಲಲ್ಲೇ ಕಾಲು ಚಾಚಿ ಕೂತು, ಎಲೆಅಡಿಕೆ ಹಾಕಿಕೊಳ್ಳುತ್ತ, "ಉರುಳಪ್ಪ ನನ್ನ ಮ್ಯಾಲೆ ಬರಾಕಿಲ್ಲ," ಎಂದಳು. ಎಬ್ಬಿಸಲು ಹೋದವರ ಕೈ ಕೊಡವಿದಳು.

ಯಾಕೋಬಪ್ಪ ರೋಲರ್ ಹತ್ತಿ ಕೂತ. ಕಾಲು ನಡುಗುತ್ತಿತ್ತು. ಎದುರಿಗೆ ಮೂವತ್ತು ಹೆಜ್ಜೆಯಲ್ಲಿ ಮುದುಕಿ. ಅವಳ ರೊಟ್ಟಿಯನ್ನು ಹದಿನಾಲ್ಕು ತಿಂಗಳು ಉಂಡಿದ್ದ. ಅವನು ಎಂಜಿನ್ನಿಗೆ ಕೈ ಹಾಕಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಆಗ ಊರ ಹಿರಿಯ ಪಂಚಾಕ್ಷರಪ್ಪ ಮುಂದೆ ಬಂದು, ಉರುಳಪ್ಪ ಒಲ್ಲೆ ಅನ್ನುತ್ತಿದ್ದಾನೆ, ಪೂಜಾರಿಯ ಕೈಯನ್ನೇ ಕಟ್ಟಿಹಾಕಿದ್ದಾನೆ ಎಂದು ಸಾಹೇಬರಿಗೆ ತಿಳಿಸಿದ. ಜನವೆಲ್ಲ ಕೈಮುಗಿದರು. ಸಾಹೇಬರು ಜೀಪಿಗೆ ನಿಂಬೆಹಣ್ಣು ಕಟ್ಟಿಕೊಂಡು ಓಡಾಡುವವರು. ಅವರೂ ಒಂದು ಗಳಿಗೆ ಟೋಪಿ ತೆಗೆದರು. ಆಮೇಲೆ, ಇದು ಕೆಟ್ಟಿದೆ ಎಂದೇ ಬರೆದುಕೊಳ್ಳುತ್ತೇನೆ, ನಾಳೆ ದಾವಣಗೆರೆಯಿಂದ ಬೇರೆ ರೋಲರ್ ತರಿಸಿದರಾಯಿತು ಎಂದರು.

ಯಾಕೋಬಪ್ಪನಿಗೆ ಎಲ್ಲ ಸಲೀಸಾಗಿತ್ತು. ಸುಮ್ಮನೆ ಕೂತರೆ ಸಾಕು. ನೌಕರಿ ಉಳಿಯುತ್ತದೆ, ಊರಲ್ಲಿ ಮರ್ಯಾದೆ ಇನ್ನಷ್ಟು ಏರುತ್ತದೆ, ಯಾರೂ ಅವನನ್ನು ಏನೂ ಅನ್ನುವುದಿಲ್ಲ. ಆದರೆ ನಾಳೆ ಬರುವ ರೋಲರಿನ ಮುಂದೆಯೂ ಮುದುಕಿ ಹೀಗೇ ಕೂರುತ್ತಾಳೆ. ಅದನ್ನು ನಡೆಸುವವನಿಗೆ ಇವಳ ರೊಟ್ಟಿಯ ರುಚಿ ಗೊತ್ತಿರುವುದಿಲ್ಲ. ಈ ಯೋಚನೆ ಬಂದ ಕೂಡಲೇ ಅವನು ಸ್ಟೇರಿಂಗ್ ಬಿಟ್ಟು ಕೈ ಜೋಡಿಸಿದ. ಕಣ್ಣು ಮುಚ್ಚಿದ. ಸ್ವಾಮೀ, ನನಗೆ ಹೆದರಿಕೆಯಾಗಿದೆ ಎಂದಷ್ಟೇ ಹೇಳಿಕೊಂಡ. ಹೆದರಿಕೆ ಹೋಗಲಿಲ್ಲ. ಕಾಲಿನ ನಡುಕವೂ ನಿಲ್ಲಲಿಲ್ಲ. ಆದರೆ ಪಕ್ಕದಲ್ಲಿ ಯಾರೋ ಬಂದು ಕೂತು, ಹೋಗಲಿ ಬಿಡು, ನಡುಗುತ್ತಲೇ ಹೇಳು ಅಂದಂತಾಯಿತು. ಹರಿಗೋಲಿನಿಂದ ನೀರಿಗೆ ಇಳಿದ ಹಾಗೆ ಅವನು ರೋಲರಿನಿಂದ ಇಳಿದ.

"ಸಾಹೇಬ್ರೆ, ಗಾಡಿ ಸರಿ ಐತೆ. ಕೆಟ್ಟೈತೆ ಅಂತ ಬರಿಬ್ಯಾಡ್ರಿ," ಎಂದ. ದನಿ ಹೋತದ ಮರಿಯ ದನಿಯಾಗಿತ್ತು. ಜನರ ಕಡೆ ತಿರುಗಿದ. "ಇದು ದೇವ್ರಲ್ಲ. ಕಬ್ಬಿಣ. ಎದುರಿಗೆ ಯಾರಿದ್ರೂ ಇದಕ್ಕೆ ಗೊತ್ತಾಗಾಕಿಲ್ಲ. ನಾನು ಪೂಜಾರಿ ಅಲ್ಲ, ಯೇಸುಸ್ವಾಮಿನ ನಂಬಿದೋನು. ಮೊದಲನೇ ದಿನಾನೇ ಹೇಳ್ಬೇಕಿತ್ತು, ಹೆದರಿಕೊಂಡು ಸುಮ್ನಿದ್ದೆ. ತಪ್ಪಾತು." ಮತ್ತೆ ಸಾಹೇಬರ ಕಡೆ ತಿರುಗಿದ. "ಉರುಳಪ್ಪ ಒಲ್ಲೆ ಅಂದಿಲ್ಲ. ಒಲ್ಲೆ ಅನ್ನೋನು ನಾನು. ಆ ಅಕ್ಕನ ಮ್ಯಾಲೆ ನಾನು ಗಾಡಿ ಹರಿಸಾಕಿಲ್ಲ."

ಇಷ್ಟು ಹೇಳಿ, ಅಭ್ಯಾಸಬಲದಿಂದ ಹುಂಜದ ಕಡೆ ನೋಡಿದ. ಅದು ಗಾಲಿಯ ಮೇಲೆ ಒಂದು ಕಾಲಲ್ಲಿ ನಿಂತಿತ್ತು. ಕೂಗಲಿಲ್ಲ.

ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟುಕೊಂಡು ಅಲ್ಲೇ ಸಸ್ಪೆಂಡ್ ಆದೇಶ ಬರೆದರು: ಸದರಿ ಯಾಕೋಬಪ್ಪನು ಈ ಕ್ಷಣದಿಂದ ಸದರಿ ರೋಲರನ್ನು ಮುಟ್ಟತಕ್ಕದ್ದಲ್ಲ. ಯಾಕೋಬಪ್ಪ ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡ. ನಡೆಸುವವರು ಯಾರು? ಮೆಕ್ಯಾನಿಕ್ ತನಗೆ ರಿಪೇರಿಯಷ್ಟೇ ಗೊತ್ತು ಎಂದು ಕೈಯೆತ್ತಿದ. ಸಾಹೇಬರು ಜೀಪಿನ ಡ್ರೈವರ್ ಮರುಳಪ್ಪನಿಗೆ ರೋಲರ್ ಹತ್ತು ಎಂದರು. ಮೊದಲು ಮುದುಕಿಯನ್ನು ಹೆದರಿಸಿ ಎಬ್ಬಿಸು, ಆಮೇಲೆ ನೋಡೋಣ ಎಂದೂ ಸೇರಿಸಿದರು. ಯಾಕೋಬಪ್ಪ ಹೋಗಿ ದುರುಗಕ್ಕನ ಪಕ್ಕದಲ್ಲಿ, ಬಾಗಿಲಿಗೆ ಅಡ್ಡವಾಗಿ ಕೂತ. ಅವಳು ಒಂದು ವೀಳ್ಯದೆಲೆ ಕೊಟ್ಟಳು.

ಮರುಳಪ್ಪ ಹತ್ತಿದ, ಎಂಜಿನ್ ಶುರು ಮಾಡಿದ, ಜೀಪಿನ ಲೆಕ್ಕದಲ್ಲಿ ಒಂದು ಹಿಡಿ ಎಳೆದ. ಉರುಳಪ್ಪ ಗುಡುಗುಡು ಸದ್ದು ಮಾಡಿ ಹದಿನಾಲ್ಕು ತಿಂಗಳ ಕುಂಕುಮ ಉದುರಿಸಿಕೊಂಡು ಹೊರಟ, ಹಿಂದಕ್ಕೆ. ಗಾಲಿಯ ಮೇಲಿದ್ದ ಹುಂಜ ಬೀಳದಿರಲು ನಿಂತಲ್ಲೇ ನಡೆಯತೊಡಗಿತು. ಹಿಂದೆ ಇಪ್ಪತ್ತು ಹೆಜ್ಜೆಯಲ್ಲಿ ಜೀಪು. ರೋಲರಿನ ನಡಿಗೆಗೆ ಇಪ್ಪತ್ತು ಹೆಜ್ಜೆ ಬೇಕಾದಷ್ಟು ಸಮಯ. ಜೀಪು ತೆಗೆಯಿರಿ ಎಂದು ಎಲ್ಲರೂ ಎಲ್ಲರಿಗೂ ಹೇಳಿದರು. ಜೀಪಿನ ಕೀಲಿಕೈ ಮರುಳಪ್ಪನ ಜೇಬಿನಲ್ಲಿತ್ತು. ಮರುಳಪ್ಪ ಎರಡೂ ಕೈಯಲ್ಲಿ ಸ್ಟೇರಿಂಗನ್ನು ತಬ್ಬಿ, ಬಳೆಗಳ ನಡುವೆ ಮುಖ ಹುದುಗಿಸಿ ಉರುಳಪ್ಪನಿಗೇ ಹರಕೆ ಹೊರುತ್ತಿದ್ದ. ತಳ್ಳೋಣವೆಂದು ನಾಲ್ಕು ಜನ ಜೀಪಿಗೆ ಕೈ ಹಾಕಿದರು. ಅದು ಗೇರಿನಲ್ಲಿತ್ತು, ಅಲ್ಲಾಡಲಿಲ್ಲ.

ಯಾಕೋಬಪ್ಪ ಎದ್ದು ಓಡಿದ. ರೋಲರಿನ ಪಕ್ಕ ನಡೆಯುತ್ತ, "ಸಾಹೇಬ್ರೆ, ಮುಟ್ಲಾ?" ಎಂದು ಕೇಳಿದ. ಮುಟ್ಟತಕ್ಕದ್ದಲ್ಲ ಎಂದು ಈಗ ತಾನೇ ಬರೆದುಕೊಟ್ಟಿದ್ದಾರೆ, ಶಾಯಿ ಒಣಗಿಲ್ಲ. ಆದೇಶ ರದ್ದು ಮಾಡಬೇಕಾದರೆ ಇನ್ನೊಂದು ಆದೇಶ ಬೇಕು, ಹಾಳೆ ಜೀಪಿನೊಳಗೆ. ಸಾಹೇಬರು ಬಾಯಿ ತೆರೆದರು, ಮುಚ್ಚಿದರು. ಯಾಕೋಬಪ್ಪ ಇನ್ನೆರಡು ಸಲ ಕೇಳಿದ. ಆಮೇಲೆ ಜೀವನದಲ್ಲಿ ಮೊದಲ ಸಲ ಯಾರ ಅಪ್ಪಣೆಯೂ ಇಲ್ಲದೆ ಹತ್ತಿ, ಮರುಳಪ್ಪನನ್ನು ಸರಿಸಿ, ಗಾಡಿ ನಿಲ್ಲಿಸಿದ. ಅಷ್ಟರಲ್ಲಿ ಜೀಪಿನ ಮುಂದಿನ ಅರ್ಧ ರೊಟ್ಟಿಯಾಗಿತ್ತು. ನಿಂಬೆಹಣ್ಣಿನ ರಸ ಧೂಳಿನಲ್ಲಿ ಹರಿಯಿತು.

ಗುಡಿಸಲುಗಳ ಮಾತು ಅಲ್ಲಿಗೇ ನಿಂತಿತು. ಸರ್ಕಾರಿ ರೋಲರ್ ಸರ್ಕಾರಿ ಜೀಪಿನ ಮೇಲೆ ಹೋದ ಬಗ್ಗೆ ವಿಚಾರಣೆ ಮುಗಿಯುವವರೆಗೆ ಸ್ಥಳದಲ್ಲಿ ಒಂದು ಕಡ್ಡಿಯನ್ನೂ ಅಲ್ಲಾಡಿಸಬಾರದೆಂದು ಮೇಲಿನಿಂದ ಬಂತು. ದೊಡ್ಡವರು ಬೇರೆ ದಾರಿಯಲ್ಲಿ ಹೋದರು. ಯಾಕೋಬಪ್ಪ ಚನ್ನಗಿರಿಗೆ ಮರಳಿ, ಗುಂಡಿ ಹೊಲಿಯುತ್ತ ಹೆಂಡತಿಗೆ ನೆರವಾದ. ಅಮಾನತಿನಲ್ಲಿದ್ದಾಗ ರೋಲರನ್ನು ಮುಟ್ಟಿದ್ದೇಕೆಂದು ಕೇಳುವ ಉದ್ದನೆಯ ಲಕೋಟೆಗಳು ಬರುತ್ತಲೇ ಇದ್ದವು. ಅವನು ಅವನ್ನು ಈಗ ಕುಳಿತಲ್ಲೇ, ಬರಿಗೈಯಲ್ಲಿ ಹರಿದು ಓದುತ್ತಿದ್ದ. ಭಾನುವಾರದ ಪ್ರಾರ್ಥನೆಯಲ್ಲಿ ಒಮ್ಮೆ ತಾನೇ ಮೊದಲು ಶುರು ಮಾಡಿದ. ನಾಲ್ಕೂ ಮನೆಯವರು ಕಣ್ಣು ತೆರೆದು ನೋಡಿದರು.

ಎಪ್ಪತ್ತೇಳರ ಮಾರ್ಚಿನಲ್ಲಿ ತುರ್ತು ಪರಿಸ್ಥಿತಿ ಹೋಯಿತು, ಸಾಹೇಬರೂ ಬೇರೆ ಕಡೆ ಹೋದರು. ಏಪ್ರಿಲಿನಲ್ಲಿ ಯಾಕೋಬಪ್ಪನನ್ನು ಕೆಲಸಕ್ಕೆ ಕರೆದು, ಹೋಗಿ ರೋಲರ್ ತಗೊಂಡು ಬಾ ಎಂದರು. ಗುಡ್ಡದಹಟ್ಟಿಯಲ್ಲಿ ಬಸ್ಸಿನಿಂದ ಎಲ್ಲರಿಗಿಂತ ಕೊನೆಗೆ, ಹೆದರಿಕೊಂಡೇ ಇಳಿದ. ಅವರ ದೇವರನ್ನು ಅವರೆದುರಿಗೇ ಕಬ್ಬಿಣ ಎಂದಿದ್ದನಲ್ಲ. ಏಳೂ ಗುಡಿಸಲು ಇದ್ದವು. ರೋಲರ್ ಅವನು ನಿಲ್ಲಿಸಿದ ಜಾಗದಲ್ಲೇ ಇತ್ತು, ಚಾವಣಿಯ ಮೇಲೆ ಮೆಣಸಿನಕಾಯಿ ಇತ್ತು. ಗಾಲಿಯ ಮೇಲೆ ಕುಂಕುಮವಿರಲಿಲ್ಲ, ಹುಂಜವೂ ಇರಲಿಲ್ಲ. ಹುಂಜ ಎಲ್ಲಿ ಎಂದು ದುರುಗಕ್ಕನನ್ನು ಕೇಳಿದ. ಯುಗಾದಿಯ ಮಾರನೆಯ ದಿನ ಸಾರಾಯಿತು, ಗಟ್ಟಿ ಮಾಂಸ, ಬೇಯಲು ಬಹಳ ಸೌದೆ ತಿಂತು ಎಂದಳು.

ಅವನು ಹೆದರಿದ್ದು ಈ ಸಲ ಬೇರೆ ಕಾರಣಕ್ಕೆ. "ಅಕ್ಕಾ, ನಿಮ್ಮ ನಂಬಿಕೆ ಕೆಡಿಸಿದೆ ಅಂತ ಮನಸ್ಸಿಗೆ ನೋವೈತೆ," ಎಂದ.

ದುರುಗಕ್ಕ ಬಾಯೊಳಗಿನ ಎಲೆಅಡಿಕೆ ಉಗಿದು ಬಂದಳು. "ಎರಡು ದಿನ ಬರೀ ನೀರು ಕುಡಿದು ಕುಂತಿದ್ದಿ. ಉಣ್ಣಾಕೆ ಬಾರಪ್ಪ ಅಂದ್ರೆ ಹೊಟ್ಟೆ ತುಂಬೈತೆ ಅಂದಿ. ಕೊಟ್ರೆ ಇಸ್ಕಳಾಕೆ ನಿಂಗೆ ನಾಚಿಕೆ. ದೇವ್ರಿಗೆ ಅಂತ ಇಟ್ರೆ ಉಣ್ತಾನೆ ಅಂತ ನಾನೂ ಪಂಚಾಕ್ಷರಪ್ಪನೂ ಮಾತಾಡ್ಕಂಡ್ವಿ. ಆಮ್ಯಾಲೆ ಬಂದೋರು ನಿಜ ಅಂತ ತಿಳ್ಕಂಡು ಬಳೆ ಕಟ್ಟಿದ್ರು, ಅದಕ್ಕೆ ನಾವೇನು ಮಾಡಾನ? ನಾನೂ ಒಂದು ಹುಂಜ ಬಿಟ್ಟೆ, ಇರ್ಲಿ ಅಂತ."

ಯಾಕೋಬಪ್ಪ ಗಾಲಿಯ ಕಡೆ ನೋಡಿದ. ಹದಿನಾಲ್ಕು ತಿಂಗಳು, ಹತ್ತು ಹೆಜ್ಜೆ ದೂರ ಹೋಗಿ, ಬೆನ್ನು ತಿರುಗಿಸಿ ಉಂಡಿದ್ದು ನೆನಪಾಯಿತು. ಹಾಗಾದರೆ ಅವತ್ತು ರೋಲರಿನ ಎದುರು ಏಳದೆ ಕೂತದ್ದು ಯಾವ ಧೈರ್ಯದ ಮೇಲೆ ಎಂದು ಕೇಳಿದ.

"ಅದರ ಮ್ಯಾಲೆ ಕುಂತಿದ್ದೋನು ನೀನಲ್ಲೇನು," ಎಂದಳು ಮುದುಕಿ.

ಅವನು ಮುಖ ತಿರುಗಿಸಿ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಒಳಗೆ ಹಂಚಿನ ಮೇಲೆ ರೊಟ್ಟಿ ಬೇಯುವ ವಾಸನೆ ಬರುತ್ತಿತ್ತು. ದುರುಗಕ್ಕ ಹೋಗಿ ಎರಡು ರೊಟ್ಟಿ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದಳು, ರೋಲರಿನ ಕಡೆ ಒಮ್ಮೆ, ಅವನ ಕಡೆ ಒಮ್ಮೆ ನೋಡಿದಳು.

"ಇವತ್ತು ಎಲ್ಲಿ ಇಡಬೇಕಪ್ಪ, ಗಾಲಿ ಮುಂದೋ, ತಟ್ಟೆಯೊಳಗೋ?"

"ತಟ್ಟೆಯೊಳಗೇ ಇಡ್ರಿ ಅಕ್ಕ. ಹಸಿವಾಗೈತೆ," ಎಂದ ಯಾಕೋಬಪ್ಪ.